ಹಗಲು ಮಾತ್ರ ಪರದೇಶ

ಈತನ ಕೈಯಲ್ಲಿ ಈರುಳ್ಳಿಯ ವಾಸನೆ, ನನ್ನ ಹೆಬ್ಬೆರಳನ್ನು ಎರಡು ದಪ್ಪ ಬೆರಳುಗಳ ನಡುವೆ ಹಿಡಿದು ಗಾಜಿನ ಮೇಲೆ ಹೊರಳಿಸುತ್ತಾನೆ, ಸಡಿಲ ಬಿಡಿ ಮೇಡಂ, ಕೈ ನಿಮ್ಮದಲ್ಲ ಅಂದ್ಕೊಳ್ಳಿ, ಎಂದು ಮತ್ತೆ ಹೇಳುತ್ತಾನೆ, ಕೈ ನನ್ನದಲ್ಲ ಅಂದುಕೊಂಡರೆ ಬೆರಳಚ್ಚು ಯಾರದ್ದೆಂದು ಬರೆಯುತ್ತೀಯಪ್ಪ — ಪರದೆಯ ಮೇಲೆ ಬೂದು ಬಣ್ಣದ ಒಂದು ಕಲೆ, ಗೆರೆಗಳೇ ಇಲ್ಲ, ಏನು ಕೆಲಸ ಮಾಡ್ತೀರಿ ನೀವು, ಸಾಲ್ಮನ್ ಸಾಕಣೆಯ ಲ್ಯಾಬಿನಲ್ಲಿ ಮೀನಿನ ಕಿವಿರು ಕೊಯ್ದು ಹುಳ ಹುಡುಕುತ್ತೇನೆ, ವರ್ಷಗಟ್ಟಲೆ ಫಾರ್ಮಲಿನ್, ಬ್ಲೀಚು, ಉಪ್ಪುನೀರು, ಓ ಅದಕ್ಕೇ ಸವೆದಿದೆ, ಎಂದು ದೊಡ್ಡ ಸಂಶೋಧನೆ ಮಾಡಿದವನಂತೆ ತಲೆಯಾಡಿಸುತ್ತಾನೆ, ಸವೆತ ನನಗೆ ಗೊತ್ತಿಲ್ಲವೇ, ಹುಟ್ಟಿದ ದೇಶದಲ್ಲಿ, ಇಲೊಯಿಲೊದ ಕಾಲೇಜಿನಲ್ಲಿ ಮೀನುಶಾಸ್ತ್ರ ಓದಿದವಳು ನಾನು, ಚರ್ಮದ ಎಷ್ಟನೆಯ ಪದರ ಹೋಗಿದೆ ಎಂದು ಬೇಕಾದರೆ ಚಿತ್ರ ಬರೆದು ತೋರಿಸಬಲ್ಲೆ, ಹೆಬ್ಬೆರಳಾಯಿತು, ತೋರುಬೆರಳು, ನಡುಬೆರಳು, ಹತ್ತೂ ಹೀಗೇ, ಹತ್ತು ಬೂದು ಕಲೆಗಳು, ಇದನ್ನ ಕಳಿಸಿದ್ರೆ ಅಮೆರಿಕದವರು ವಾಪಸ್ ಕಳಿಸ್ತಾರೆ, ಈ ಕ್ರೀಮ್ ತಗೊಳ್ಳಿ, ಎರಡು ವಾರ ನೀರಿಗೆ ಕೈ ಹಾಕ್ಬೇಡಿ, ಗೆರೆ ಮೇಲೆ ಬರುತ್ತೆ, ಆಮೇಲೆ ಬನ್ನಿ. ಎರಡು ವಾರ. ಗೆರೆ ಬೆಳೆಯುವುದಕ್ಕೆ ಕಾಯಬೇಕಂತೆ, ಗದ್ದೆಗೆ ಬಿತ್ತಿ ಕಾಯುವ ಹಾಗೆ, ಅಲ್ಲಿಂದ ಅದು ಅಮೆರಿಕಕ್ಕೆ ಹೋಗಬೇಕು, ಈ ಹೆಂಗಸು ನಮ್ಮಲ್ಲಿ ಕಳ್ಳತನ ಮಾಡಿಲ್ಲ ಎಂದು ಅವರು ಬರೆದುಕೊಡಬೇಕು, ಅದನ್ನು ನೋಡಿ ಕೆನಡಾದವರು ನನ್ನನ್ನು ಪ್ರಜೆ ಎನ್ನಬೇಕು, ಅಷ್ಟರಲ್ಲಿ ನವೆಂಬರ್ ಮುಗಿದಿರುತ್ತದೆ, ನನ್ನ ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಸತ್ತಿರುತ್ತದೆ, ಪ್ರಜೆಯಾಗಿದ್ದರೆ ಅದು ಬೇಕೇ ಆಗುತ್ತಿರಲಿಲ್ಲ, ಹೊಸದು ಕೇಳಿದರೆ ಸಂದರ್ಶನಕ್ಕೇ ವರ್ಷದ ಮೇಲೆ ಕಾಯಬೇಕು, ಅಮೆರಿಕ ಮುಟ್ಟದೆ ನಮ್ಮ ದ್ವೀಪದಿಂದ ಬರುವ ಬೇಸಿಗೆಯ ದೋಣಿ ಆಗಲೇ ನಿಂತಿದೆ, ಮತ್ತೆ ನನ್ನ ಗಂಡ ವೆಂಡಲ್‌ನನ್ನು ಡಯಾಲಿಸಿಸ್‌ಗೆ ಇಲ್ಲಿಗೆ ಕರೆತರುವವರು ಯಾರು, ಈ ಈರುಳ್ಳಿ ಕೈಯವನೇ?

ಚಳಿ ಹೊರಗೆ, ಸೇಂಟ್ ಸ್ಟೀಫನ್‌ನ ರಸ್ತೆಯಲ್ಲಿ ಗಾಳಿ, ಗುಡ್ಡದ ಮೇಲೆ ಆಸ್ಪತ್ರೆ, ವೆಂಡಲ್ ಅಲ್ಲಿ ಕುರ್ಚಿಯಲ್ಲಿ ಒರಗಿದ್ದಾನೆ, ಇನ್ನೂ ಒಂದು ಗಂಟೆ ಇದೆ, ನಡೆದೇ ಹೋಗೋಣ — ಪೌರತ್ವದ ಆಫೀಸಿನಿಂದ ಬಂದ ಆ ಪತ್ರ ಬರೆದವನು ಯಾರೋ, ಹೆಸರಿಲ್ಲ, ಬರೀ ಒಂದು ಸಂಖ್ಯೆ, ತಾವು ಕಳೆದ ನಾಲ್ಕು ವರ್ಷಗಳಲ್ಲಿ ಆರು ತಿಂಗಳಿಗೂ ಮೀರಿ ಅಮೆರಿಕದಲ್ಲಿ ಇದ್ದಿರುವುದು ಗಡಿಯ ದಾಖಲೆಗಳಿಂದ ತಿಳಿದುಬಂದಿದೆ, ಇದ್ದಿರುವುದು, ಎಂಥಾ ಪದ, ಒಂದು ರಾತ್ರಿ ಮಲಗಿಲ್ಲ ನಾನು ಅಲ್ಲಿ, ಆ ದೇಶದಲ್ಲಿ ನನಗೆ ಗೊತ್ತಿರುವುದು ಗಡಿಯಂಚಿನ ಊರು ಲ್ಯೂಬೆಕ್‌ನ ಒಂದು ಪೆಟ್ರೋಲ್ ಬಂಕು, ಒಂದು ದಿನಸಿ ಅಂಗಡಿ, ಆಮೇಲೆ ಕಾರಿನ ಕಿಟಕಿಯಾಚೆ ಒಂದು ಗಂಟೆ ಓಡುವ ಸ್ಪ್ರೂಸ್ ಮರಗಳು, ಈಗ ಅಕ್ಟೋಬರಿನಲ್ಲಿ ಕೆಂಪಾಗಿ ಕೂತಿರುವ ಬ್ಲೂಬೆರಿ ಬಯಲು, ಅಷ್ಟೇ, ನಮ್ಮ ಕ್ಯಾಂಪೊಬೆಲ್ಲೊ ದ್ವೀಪ ಕೆನಡಾದ್ದು, ಆದರೆ ಅದಕ್ಕಿರುವ ಒಂದೇ ಸೇತುವೆ ಅಮೆರಿಕದಲ್ಲಿ ಇಳಿಯುತ್ತದೆ, ಕೆನಡಾದಿಂದ ಕೆನಡಾಕ್ಕೆ ಹೋಗಲು ಪರದೇಶ ಹಾಯಬೇಕು, ಇದನ್ನು ನಾನು ಮಾಡಿದ್ದೇ, ನಾನು ಕಟ್ಟಿಸಿದ್ದೇ ಆ ಸೇತುವೆಯನ್ನು? ಆ ಆಫೀಸಿನ ಫೋನಿನಲ್ಲಿ ಒಬ್ಬಳು ಹೇಳಿದಳು, ಹಗಲು ಹೋಗಿ ಅದೇ ದಿನ ಬಂದ್ರೆ ಆ ದಿನ ಕೆನಡಾದ್ದೇ ಅಂತ ಲೆಕ್ಕ, ಸರ್ಟಿಫಿಕೇಟ್ ಬೇಡ, ಮಾರನೆಯ ದಿನ ಇನ್ನೊಬ್ಬ, ವಾಸಕ್ಕೆ ಆ ಲೆಕ್ಕ ಮೇಡಂ, ಪೊಲೀಸ್ ಸರ್ಟಿಫಿಕೇಟ್‌ಗೆ ಬೇರೆ ಲೆಕ್ಕ, ಹಾಗಾದರೆ ಒಂದೇ ಮಂಗಳವಾರ ನಾನು ಕೆನಡಾದಲ್ಲೂ ಇದ್ದೆ ಅಮೆರಿಕದಲ್ಲೂ ಇದ್ದೆನೇ ಎಂದೆ, ನಾನು ಹಾಗೆ ಹೇಳ್ಲಿಲ್ಲ, ಎಂದ, ಮತ್ತೆ ಏನು ಹೇಳಿದೆ ಮಹರಾಯ, ಕಾಲೇಜಿನಲ್ಲಿ ಇಂಥ ಉತ್ತರ ಬರೆದಿದ್ದರೆ ನಮ್ಮ ಮೇಷ್ಟ್ರು ಹಾಳೆಯನ್ನು ಮೀನಿನ ತೊಟ್ಟಿಗೆ ಎಸೆಯುತ್ತಿದ್ದರು.

ಮೀನಿಗೂ ಇವರಿಗಿಂತ ಹೆಚ್ಚು ಶಿಸ್ತಿದೆ. ಆದರೆ ಪೌರತ್ವದ ಅರ್ಜಿ ತುಂಬಿದ ಆ ಸಂಜೆ, ಅಡುಗೆಮನೆಯಲ್ಲಿ, ದೇಶದಿಂದ ಹೊರಗೆ ಹೋಗಿದ್ದೀರಾ ಎಂಬ ಪ್ರಶ್ನೆಗೆ ನಾನು ಎಲ್ಲ ಬರೆಯಲು ಕೂತಿದ್ದೆ, ಮಂಗಳವಾರ ಗುರುವಾರ ಶನಿವಾರ ಡಯಾಲಿಸಿಸ್, ನಡುವೆ ಪೆಟ್ರೋಲು, ವೆಂಡಲ್ ನಕ್ಕ, ಲ್ಯೂಬೆಕ್‌ಗೆ ಹೋಗೋದು ಪರದೇಶ ಪ್ರಯಾಣ ಏನೇ, ನಮ್ಮಪ್ಪ ಅಲ್ಲಿಗೆ ಕ್ಷೌರಕ್ಕೆ ಹೋಗ್ತಿದ್ದ, ಪಕ್ಕದ ಮನೆಯ ಬರ್ನಿಸ್ ಬಾಗಿಲಲ್ಲೇ ನಿಂತು, ಹಾಲು ತರೋಕೆ ಹೋಗಿದ್ದನ್ನ ಯಾರು ಬರೀತಾರೆ ಜೋವೀ, ಹಾಲಿನ ಹೆಸರೂ ಬರೀತೀಯಾ, ಎಂದು ಬಿದ್ದುಬಿದ್ದು ನಕ್ಕಳು, ದ್ವೀಪದಲ್ಲಿ ಹುಟ್ಟಿದವರಿಗೆ ಸೇತುವೆಯಾಚೆಯದು ಪರದೇಶವೇ ಅಲ್ಲ, ಹಿತ್ತಿಲು, ನಾನೂ ಅವರಂತೆ ಇಲ್ಲ ಎಂದು ಬರೆದುಬಿಟ್ಟೆ, ದ್ವೀಪದವಳಾಗಿಬಿಟ್ಟೆ ಎಂಬ ಹೆಮ್ಮೆಯಿಂದ — ಇದನ್ನು ಕೇಳಿ ಸೇಂಟ್ ಜಾನ್‌ನಲ್ಲಿರುವ ನೆನಿತಕ್ಕ, ದೊಡ್ಡಪ್ಪನ ಮಗಳು, ಹೋದ ವರ್ಷ ಪ್ರಜೆಯಾದವಳು, ಆವತ್ತಿನಿಂದ ಕಾನೂನೇ ಅವಳ ಅಡುಗೆಮನೆಯಲ್ಲಿ ಬೇಯುತ್ತದೆ, ನಿನ್ನ ಓದು ಎಲ್ಲಿ ಹೋಯ್ತೇ, ನನ್ನ ಕೇಳಬಾರದಿತ್ತಾ, ನಾನಾಗಿದ್ರೆ ಎಲ್ಲಾ ಬರೀತಿದ್ದೆ, ಬರೆಯುತ್ತಿದ್ದೆ ಅಕ್ಕ, ನಿನಗೇನು, ಸ್ವಂತ ದೇಶದಲ್ಲೇ ಹಾಲು ಸಿಗುತ್ತದೆ.

ಗುಡ್ಡ ಏರಿದರೆ ಉಸಿರು, ಬಾಗಿಲು ತಾನಾಗಿ ತೆರೆಯುತ್ತದೆ, ಬಿಸಿಗಾಳಿ, ಔಷಧದ ವಾಸನೆ, ಆರು ಕುರ್ಚಿಗಳು, ಕಿಟಕಿಯ ಬಳಿ ವೆಂಡಲ್, ಕಣ್ಣು ಮುಚ್ಚಿದ್ದಾನೆ, ತೋಳಿನಲ್ಲಿ ಎರಡು ಸೂಜಿ, ಎರಡು ಕೊಳವೆ, ಒಂದರಲ್ಲಿ ರಕ್ತ ಹೊರಗೆ ಹೋಗುತ್ತದೆ, ಯಂತ್ರ ಹಾಯ್ದು ಇನ್ನೊಂದರಲ್ಲಿ ಮನೆಗೆ ಬರುತ್ತದೆ, ದಿನಕ್ಕೆ ಎಷ್ಟು ಸಲ ಹೋಗಿಬರುತ್ತದೋ, ಎಲ್ಲಿದ್ದೆ ಎಂದು ಮೈ ಕೇಳುವುದಿಲ್ಲ, ಸರ್ಟಿಫಿಕೇಟು ತಾ ಎನ್ನುವುದಿಲ್ಲ — ಬೆರಳಚ್ಚು ಆಯ್ತಾ ಜೋವೀ, ನರ್ಸ್ ಗ್ಲೆಂಡಾ ಕೇಳುತ್ತಾಳೆ, ಆಗಲಿಲ್ಲ, ಬೆರಳಿಲ್ಲವಂತೆ ನನಗೆ, ಅಯ್ಯೋ ಪಾಪ, ಹೋಗ್ಲಿ ಬಿಡಿ, ಹೇಗೂ ಚಳಿಗಾಲ ಪೂರ್ತಿ ಇವರು ಇಲ್ಲೇ ಅಕ್ಕನ ಮನೇಲಿ ಇರ್ತಾರಂತಲ್ಲ, ಒಳ್ಳೇದೇ ಆಯ್ತು, ಎಂದು ಮುಂದಿನ ಕುರ್ಚಿಗೆ ಹೋಗುತ್ತಾಳೆ, ಯಾರ ಅಕ್ಕ, ಯಾವ ಮನೆ, ವೆಂಡಲ್ ಕಣ್ಣು ಇನ್ನೂ ಗಟ್ಟಿಯಾಗಿ ಮುಚ್ಚುತ್ತಾನೆ, ನಿದ್ದೆ ಬಂದವರ ರೆಪ್ಪೆ ಹಾಗೆ ಅದುರುವುದಿಲ್ಲ ಕಣೋ, ಯಾವಾಗ ಮಾತಾಡಿದೆ, ಮೊನ್ನೆ, ನೀನು ಲ್ಯಾಬಲ್ಲಿದ್ದಾಗ, ನನ್ನಕ್ಕ ಇಲ್ಲೇ ತನ್ನ ಮನೆಯ ಮೇಲಿನ ಕೋಣೆ ಖಾಲಿ ಮಾಡ್ತಾಳಂತೆ, ನನಗೆ ಹೇಳೋಕೇನಾಗಿತ್ತು, ಹೇಳಿದ್ರೆ ಆ ಆಫೀಸಿಗೆ ಇನ್ನೊಂದು ಕಾಗದ ಬರೀತಿದ್ದೆ ನೀನು, ಜೂನ್‌ವರೆಗೆ ತಾನೇ, ದೋಣಿ ಶುರುವಾದ್ಮೇಲೆ ಬಂದುಬಿಡ್ತೀನಿ, ನೀನು ದಿನಾ ಫೋನ್ ಮಾಡು, ಅಷ್ಟೇ.

ಜೂನ್‌ವರೆಗೆ ತಾನೇ, ಎಂದು ಹಾಲು ಮುಗಿದಿದೆ ಎಂಬ ಧ್ವನಿಯಲ್ಲಿ ಹೇಳುತ್ತಾನೆ, ನಾನೂ ಇಲ್ಲೇ ಉಳಿಯೋಣವೆಂದರೆ ದುಡಿಯುವ ಲ್ಯಾಬು ದ್ವೀಪದಲ್ಲಿದೆ, ಬೇರೆಲ್ಲೂ ಈ ಸವೆದ ಬೆರಳಿಗೆ ಕೆಲಸವಿಲ್ಲ, ಇವನ ಕಿಡ್ನಿ ಇನ್ನೆಷ್ಟು ಜೂನ್ ಕಾಯುತ್ತದೆ ಎಂದು ಆ ಹೆಸರಿಲ್ಲದ ಸಂಖ್ಯೆಯವನನ್ನು ಕೇಳಬೇಕು, ಅದಕ್ಕೂ ಬೇರೆ ಲೆಕ್ಕ ಇದ್ದೀತು, ಇವನನ್ನೂ ಬೈಯಬೇಕು, ಹೇಡಿ, ನನ್ನ ಬೆನ್ನ ಹಿಂದೆ ಅಕ್ಕನಿಗೆ ಫೋನು, ಬೈಯಲು ಬಾಯಿ ತೆರೆದರೆ ಅವನು ಸೂಜಿಯಿಲ್ಲದ ಕೈಯನ್ನು ಚಾಚಿ ನನ್ನ ಬೆರಳುಗಳನ್ನು ಹಿಡಿಯುತ್ತಾನೆ, ಏನೋ ಕ್ರೀಮ್ ಹಚ್ಚಿದಾರೆ, ಗುಲಾಬಿ ವಾಸನೆ, ಎನ್ನುತ್ತಾನೆ, ಒಂದೊಂದೇ ಬೆರಳನ್ನು ಒತ್ತಿ ನೋಡುತ್ತಾನೆ, ಗೆರೆ ಬೇಕಾಗಿಲ್ಲ ಇವನಿಗೆ, ಕಣ್ಣು ಮುಚ್ಚಿಯೇ ಇದು ನಾನೆಂದು ಗೊತ್ತು, ಈ ಸಾಕ್ಷಿಯನ್ನು ಯಾವ ಲಕೋಟೆಯಲ್ಲಿ ಕಳಿಸಲಿ — ಡಿಸೆಂಬರಿನ ಮೊದಲ ಮಂಗಳವಾರ ಇವನು ಈ ಕುರ್ಚಿಯಲ್ಲಿ, ನಾನು ಸೇತುವೆಯ ಆಚೆ ದ್ವೀಪದ ಅಡುಗೆಮನೆಯಲ್ಲಿ, ನಡುವೆ ಮರಗಳು, ಬಯಲು, ಆಗ ಅದರ ಮೇಲೆ ಹಿಮ, ಇಲ್ಲಿ ಕೊಳವೆಯಲ್ಲಿ ಕೆಂಪು ಹೋಗುತ್ತಿರುತ್ತದೆ, ಯಂತ್ರದ ಚಕ್ರ ತಿರುಗುತ್ತದೆ, ಹೋಗುವ ಕೊಳವೆ, ಬರುವ ಕೊಳವೆ, ಯಾವುದು ಯಾವುದೆಂದು ನೋಡಿದರೆ ತಿಳಿಯುವುದಿಲ್ಲ, ಎರಡೂ ಒಂದೇ ಕೆಂಪು, ಹೋಗುವುದು, ಬರುವುದು, ಹೋಗುವುದು —