ಅತ್ತೆಯ ಕಣ್ಣು, ಮೀನಿನ ಚೋಕು

ಮೀನಿನ ತೊಟ್ಟಿಯ ಲೈಟು ಪಟಪಟನೆ ಮಿಟುಕಿದ್ದನ್ನು ಸೊಸೆ ಕಣ್ಣಾರೆ ಕಂಡದ್ದು ಅತ್ತೆಯ ಕಣ್ಣಿನ ಆಪರೇಷನ್ ಆದ ಮಾರನೆಯ ಬೆಳಿಗ್ಗೆ. ಮೊದಲೇ ಕಂಡಿದ್ದರೆ ಮುಂದಿನ ಕೆಲಸಕ್ಕೆ ರಿಪೇರಿ ಅನ್ನಬಹುದಿತ್ತು. ಈಗ ಅದರ ಹೆಸರು ಸಾಕ್ಷ್ಯನಾಶ.

ಅತ್ತೆ ತಿಂಗಳುಗಟ್ಟಲೆ ಹೇಳುತ್ತಲೇ ಇದ್ದರು, ಲೈಟು ನಡುಗುತ್ತಿದೆ ಎಂದು. ಆ ಮನೆಯಲ್ಲಿ ಮೀನುಗಳ ಮುಂದೆ ಗಟ್ಟಿಯಾಗಿ ಕೂರುವವರು ಅವರೊಬ್ಬರೇ. ಉಳಿದವರೆಲ್ಲ ಹೋಗುತ್ತಾ ಬರುತ್ತಾ ಇಣುಕುವ ಗಿರಾಕಿಗಳು. ಅತ್ತೆ ಕೂಗಿದರೆ ಮಾವ ಬಂದು ಲೈಟು ಕೂರಿಸಿದ್ದ ತೊಟ್ಟಿಯ ಮುಚ್ಚಳಕ್ಕೊಂದು ಏಟು ಕೊಡುವರು. ಮಾವನ ರಿಪೇರಿ ಶಾಸ್ತ್ರದಲ್ಲಿ ಎರಡೇ ಅಧ್ಯಾಯ: ಮೊದಲು ತಟ್ಟು, ಬಗ್ಗದಿದ್ದರೆ ಕುಟ್ಟು. ಏಟು ಬಿದ್ದೊಡನೆ ಲೈಟು ನೆಟ್ಟಗೆ ಉರಿಯುತ್ತಿತ್ತು.

"ಎಲ್ಲಿ ನಡುಗ್ತಿದೆ? ನಡುಗ್ತಿರೋದು ನಿನ್ ಕಣ್ಣು," ಎಂದು ಮಾವ ತೀರ್ಪು ಕೊಟ್ಟು ಹೊರಡುವರು.

ಕಣ್ಣಲ್ಲಿ ಪೊರೆ ಇದ್ದದ್ದೂ ಸುಳ್ಳಲ್ಲ. ಎದುರಿಗೆ ಬಂದ ಬೈಕು ಕಾಣದೆ ಅತ್ತೆ ರಸ್ತೆಗಿಳಿದಿದ್ದರು. ಅವರನ್ನು ಉಳಿಸಲು ಹೋದ ಸವಾರ ತರಕಾರಿ ಗಾಡಿಯ ಮೇಲೆ ಬಿದ್ದು ಟೊಮೆಟೊ ಬಣ್ಣದಲ್ಲಿ ಎದ್ದಿದ್ದ. ಎರಡೂ ಕಣ್ಣಿಗೆ ಆಪರೇಷನ್ ಬೇಕು, ಬಲಗಣ್ಣಿಗೆ ಈಗ, ಎಡಗಣ್ಣಿಗೆ ಮುಂದಿನ ತಿಂಗಳು, ತಡಮಾಡಿದರೆ ಎಡಗಣ್ಣು ಕೈಕೊಡುತ್ತದೆ ಅಂದರು ಡಾಕ್ಟರು. ಅತ್ತೆ ಒಪ್ಪಿದ್ದು ಒಂದು ಷರತ್ತಿನ ಮೇಲೆ.

"ಆಪರೇಷನ್ ಆದ್ಮೇಲೂ ಲೈಟು ನಡುಗಿದ್ರೆ, ಇನ್ನೊಂದು ಕಣ್ಣಿಗೆ ಯಾರೂ ಕೈ ಹಾಕೋ ಹಾಗಿಲ್ಲ. ಆಣೆ ಮಾಡ್ರೀ."

ಮಾವ ಆಣೆ ಮಾಡಿದ್ದರು. ಸೊಸೆ ಪಕ್ಕದಲ್ಲಿ ನಿಂತು ಹೂಂಗುಟ್ಟಿದ್ದಳು.

ಈಗ ತೊಟ್ಟಿ ತೊಳೆಯಲೆಂದು ಲೈಟು ಹಾಕಿ ಬಹಳ ಹೊತ್ತು ಅಲ್ಲೇ ಕೂತವಳಿಗೆ ಸತ್ಯ ಮಿಂಚಿತು, ಆರಿತು, ಮತ್ತೆ ಮಿಂಚಿತು. ಅಷ್ಟರಲ್ಲಿ ಆಸ್ಪತ್ರೆಯಿಂದ ಗಂಡನ ಫೋನು.

"ಕಣ್ಣಿನ ಪಟ್ಟಿ ಬಿಚ್ಚಿದ್ರು ಕಣೇ. ಹೊರಡ್ತಿದೀವಿ. ಅಮ್ಮಂಗೆ ಮನೆಗೆ ಬಂದ ತಕ್ಷಣ ಮೀನು ನೋಡ್ಬೇಕಂತೆ."

"ನಿಧಾನವಾಗಿ ಬನ್ನಿ. ತುಂಬಾ ನಿಧಾನವಾಗಿ," ಎಂದಳು ಸೊಸೆ.

ಅವಳ ಕೂಗಿಗೆ ಮಾವ ಓಡಿ ಬಂದು, ಮಿಟುಕುವ ಲೈಟು ಕಂಡು ಕೈ ಎತ್ತಿದರು.

"ಹೊಡೀಬೇಡಿ ಮಾವ. ಹೊಡೆದು ಹೊಡೆದೇ ಈ ಗತಿ."

"ಒಂದೇ ಒಂದು ಏಟು ಕಣಮ್ಮಾ. ಅವಳು ನೋಡೋ ಅಷ್ಟು ಹೊತ್ತು ಉರಿದ್ರೆ ಸಾಕಲ್ಲ."

"ಅತ್ತೆ ಎಷ್ಟು ಹೊತ್ತು ಕೂರ್ತಾರೆ ಗೊತ್ತಲ್ಲ. ಪ್ರತಿ ಸಲ ನಡುಗಿದಾಗ್ಲೂ ಎದ್ದು ಹೊಡೀತೀರಾ?"

ಸೊಸೆ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಹೊಲಿಗೆ ಯಂತ್ರದ ಮೋಟಾರು ಒಮ್ಮೆ ಬಿಚ್ಚಿ ಕಟ್ಟಿದ ಧೈರ್ಯ ಅವಳದ್ದು. ಕಟ್ಟಿದ ಮೇಲೆ ಎರಡು ಸ್ಕ್ರೂ ಉಳಿದಿದ್ದವು ಎಂಬುದು ಅವಳ ಅಧೈರ್ಯ. ಪ್ಲಗ್ಗು ಕಿತ್ತಳು. ಮಾವ ಪರೀಕ್ಷೆಗೆಂದು ನಡುವೆ ಸ್ವಿಚ್ಚು ಒತ್ತುವ ಭೂಪ ಎಂದು ಗೊತ್ತಿದ್ದರಿಂದ ಪ್ಲಗ್ಗನ್ನು ಸೆರಗಿನ ಜೊತೆ ಸೊಂಟಕ್ಕೆ ಸಿಕ್ಕಿಸಿಕೊಂಡಳು. ಮುಚ್ಚಳವನ್ನು ನೀರಿನಿಂದ ದೂರ, ಊಟದ ಮೇಜಿನ ಮೇಲೆ ಬೋರಲು ಹಾಕಿದಳು.

ಬಾತ್‌ರೂಮಿನ ಕನ್ನಡಿಯ ಮೇಲೂ ಇಷ್ಟೇ ಉದ್ದದ ಟ್ಯೂಬಿತ್ತು. ಅದನ್ನು ತಂದು ಹಾಕಿ, ಕೈ ಒರೆಸಿಕೊಂಡು, ಪ್ಲಗ್ಗು ಚುಚ್ಚಿ ಇಬ್ಬರೂ ಕಾದರು. ನೆಟ್ಟಗೆ ಉರಿಯಿತು. ಮಾವ ನಗಲು ಬಾಯಿ ತೆರೆದರು, ಲೈಟು ನಡುಗಿತು. ಟ್ಯೂಬಿನ ತಪ್ಪಲ್ಲ. ಸ್ಟಾರ್ಟರ್ ಬದಲಾಯಿಸಿದರು. ಅದೇ ಕಥೆ. ಹೋಲ್ಡರಿನ ಹಸಿರು ಕಿಲುಬನ್ನು ಮರಳು ಕಾಗದದಲ್ಲಿ ಉಜ್ಜಿದರು. ಮೊದಲು ನೆಟ್ಟಗೆ, ಬಿಸಿಯಾದ ಮೇಲೆ ನಡುಕ.

"ಮೀನುಗಳಿಗೇನು, ಹಾಯಾಗಿವೆ," ಎಂದರು ಮಾವ, ಕತ್ತಲ ತೊಟ್ಟಿ ನೋಡುತ್ತ. "ಅವಕ್ಕೆ ಹೆಂಡ್ತಿ ಇಲ್ಲ."

ಉಳಿದದ್ದು ಚೋಕು, ಟ್ಯೂಬಿಗೆ ಹೋಗುವ ಕರೆಂಟಿಗೆ ಲಗಾಮು ಹಾಕುವ ಕಬ್ಬಿಣದ ಪೆಟ್ಟಿಗೆ. ತೊಟ್ಟಿಯ ಆವಿ ಕುಡಿದೂ ಕುಡಿದೂ ಅದು ತುಕ್ಕು ಹಿಡಿದಿತ್ತು. ಮುಟ್ಟಿದರೆ ಬೆರಳು ಚುರುಗುಟ್ಟಿತು. ಬಿಸಿಗೆ ಒಳಗಿನ ತಂತಿ ಎಲ್ಲೋ ಬಿಟ್ಟುಕೊಳ್ಳುತ್ತಿತ್ತು. ಏಟು ಬಿದ್ದರೆ ಮತ್ತೆ ಕೂಡಿಕೊಳ್ಳುತ್ತಿತ್ತು. ಮಾವ ಇಷ್ಟು ದಿನ ರಿಪೇರಿ ಮಾಡಿದ್ದು ಲೈಟನ್ನಲ್ಲ, ಹೆಂಡತಿಯ ದೂರನ್ನು.

ಫೋನು ಮತ್ತೆ ಬಡಿದುಕೊಂಡಿತು. "ಸಿಗ್ನಲ್ ದಾಟಿದ್ವಿ. ಟ್ಯಾಕ್ಸಿಯವನಿಗೆ ಇನ್ನೆಷ್ಟು ನಿಧಾನ ಅಂತ ಹೇಳ್ಲಿ? ಹಿಂದಿನ ಗಾಡಿಯವ್ರು ಬೈತಿದಾರೆ."

ಮಾವ ಅಡುಗೆಮನೆಯ ಟ್ಯೂಬ್‌ಲೈಟಿನ ಕೆಳಗೆ ಸ್ಟೂಲು ಹತ್ತಿಯಾಗಿತ್ತು. "ಇಲ್ಲಿ ಚೋಕಿದೆ, ಬಿಚ್ಲಾ?"

"ಬೇಡ ಮಾವ, ಅದು ಉದ್ದದ ಟ್ಯೂಬಿಂದು. ಮೇಲೆ ಬರೆದಿರೋ ವ್ಯಾಟು ನೋಡಿ, ಇದರ ಎರಡರಷ್ಟಿದೆ. ಈ ಚಿಕ್ಕ ಟ್ಯೂಬು ಸುಟ್ಟುಹೋಗುತ್ತೆ."

"ಈಗ ಮೀನಮೇಷ ಎಣಿಸೋ ಹೊತ್ತಾ?"

"ಮೇಷ ಬಿಡಿ, ಮೀನು ಮಾತ್ರ ಎಣಿಸೋಣ. ಬಾತ್‌ರೂಮಿನ ಚೋಕು ಬಿಚ್ಚಿ. ಅಲ್ಲಿ ಮೇನ್ ಆಫ್ ಮಾಡಿ ಮುಟ್ಟಿ."

ಮೇನ್ ಆಫಾಯಿತು. ಬಾತ್‌ರೂಮಿನ ಚೋಕು ಮೇಜಿಗೆ ಬಂತು, ವ್ಯಾಟು ಕೂಡಿತು. ಸೊಸೆ ತಂತಿ ಹೆಣೆದು ಟೇಪು ಸುತ್ತುತ್ತಿದ್ದಾಗ ಕೆಳಗೆ ಟ್ಯಾಕ್ಸಿಯ ಬಾಗಿಲು ದಬ್ ಎಂದಿತು. ಸ್ಕ್ರೂ ಜಾರಿ ಮೇಜಿನ ಕೆಳಗೆ ಉರುಳಿತು. ಮಾವ ಮಂಡಿಯೂರಿ ಹುಡುಕಿ ಕೊಟ್ಟರು. ಮುಚ್ಚಳ ತೊಟ್ಟಿಯ ಮೇಲೆ ಕೂತು ಪ್ಲಗ್ಗು ಸೇರುವುದಕ್ಕೂ ಮೇನ್ ಆನ್ ಆಗುವುದಕ್ಕೂ ಅತ್ತೆ ಬಾಗಿಲಲ್ಲಿ ಕಾಣುವುದಕ್ಕೂ ಸರಿಹೋಯಿತು.

ಲೈಟು ಉರಿಯಿತು. ಆದರೆ ಬಿಸಿಯಾದ ಮೇಲೆ ಏನು ಮಾಡುತ್ತದೆಂದು ನೋಡಲು ಸಮಯವೇ ಸಿಕ್ಕಿರಲಿಲ್ಲ.

ಅತ್ತೆ ಕಪ್ಪು ಕನ್ನಡಕ ತೆಗೆದು ತೊಟ್ಟಿಯ ಮುಂದೆ ಕೂತರು.

"ಸುಸ್ತಾಗಿರುತ್ತೆ ಅತ್ತೆ, ಸ್ವಲ್ಪ ಮಲಗಿ."

"ಕಣ್ಣು ಕೊಟ್ಟಿರೋದು ಮುಚ್ಚಿಕೊಳ್ಳೋಕಾ?"

ಕೂತೇ ಇದ್ದರು. ಹಿಂದೆ ಮಾವ, ಸೊಸೆ, ಏನೂ ಅರಿಯದೆ ಚೀಲ ಹಿಡಿದು ನಿಂತ ಮಗ. ಅತ್ತೆ ಮೀನು ನೋಡುತ್ತಿದ್ದರು, ಮಾವ, ಸೊಸೆ ಇಬ್ಬರೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಲೈಟು ನೋಡುತ್ತಿದ್ದರು. ಮುಚ್ಚಳ ಬಿಸಿಯಾಗುವ ವಾಸನೆ ಬಂತು. ಮಾವನ ಕೈ ತಾನಾಗಿ ಏಟಿಗೆ ಎದ್ದಿತು. ಸೊಸೆ ಮಣಿಕಟ್ಟು ಹಿಡಿದಳು. ಲೈಟು ಅಲುಗಲಿಲ್ಲ.

"ನಡುಗ್ತಿಲ್ಲ," ಎಂದರು ಅತ್ತೆ ಕೊನೆಗೆ. "ಡಾಕ್ಟ್ರು ಗಟ್ಟಿಗ."

ಮಾವನ ಗಂಟಲಿಂದ ಇಷ್ಟುದ್ದದ ಉಸಿರು ಹೊರಬಿತ್ತು. ಆಗ ಅತ್ತೆ ಅಂಗೈ ಎತ್ತಿ ಆಪರೇಷನ್ ಆದ ಕಣ್ಣಿನ ಮುಂದೆ ಮರೆ ಹಿಡಿದು, ಆಗದ ಕಣ್ಣಿನಿಂದ ನೋಡಿದರು. ಇದನ್ನು ಮಾತ್ರ ಯಾರೂ ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಇದರಲ್ಲೂ ನಡುಗ್ತಿಲ್ವಲ್ಲ. ಈ ಕಣ್ಣಿಗೆ ಯಾರು ಆಪರೇಷನ್ ಮಾಡಿದ್ರು?"

"ಅದು... ಎರಡಕ್ಕೂ ನರ ಒಂದೇ ಅಲ್ವಾ," ಎಂದರು ಮಾವ.

ಅತ್ತೆ ತಿರುಗಿ ಗಂಡನ ಮಸಿ ಮೆತ್ತಿದ ಕೈ ನೋಡಿದರು, ಸೊಸೆಯ ಬೆರಳಿಗೆ ಅಂಟಿದ್ದ ಟೇಪು ನೋಡಿದರು. ಹೊಸ ಕಣ್ಣಿಗೆ ಮಣ್ಣೆರಚುವುದು ಸುಲಭವಲ್ಲ. ಸೊಸೆಗೆ ಸಾಕಾಯಿತು.

"ಲೈಟೇ ಕೆಟ್ಟಿತ್ತು ಅತ್ತೆ. ನೀವು ಮೊದಲಿಂದ್ಲೂ ಸರಿಯಾಗೇ ಹೇಳ್ತಿದ್ರಿ. ಈಗ ತಾನೆ ಚೋಕು ಬದಲಾಯಿಸಿದ್ವಿ."

ಅತ್ತೆ ಎಡಗಣ್ಣು ಮುಚ್ಚಿ ನೋಡಿದರು, ಬಲಗಣ್ಣಿಗೆ ಮರೆ ಹಿಡಿದು ನೋಡಿದರು, ಮತ್ತೆ ಎಡಗಣ್ಣು.

"ಈ ಕಣ್ಣಲ್ಲಿ ಆ ಮೀನಿನ ಬಾಲದ ಮೇಲೆ ಗೆರೆ ಕಾಣುತ್ತೆ," ಎಂದರು. "ಈ ಕಣ್ಣಲ್ಲಿ ಮೀನೇ ಹೊಗೆ."

"ಅಂದ್ರೆ?" ಮಾವನ ದನಿ ಕುಂದಿತ್ತು.

"ಅಂದ್ರೆ ಇನ್ನೊಂದೂ ಮಾಡಿಸ್ತೀನಿ. ನಿಮ್ಮ ಮಾತು ನಂಬಿ ಅಲ್ಲ, ಮೀನಿನ ಬಾಲ ನಂಬಿ." ಪಕ್ಕದ ಕುರ್ಚಿಯನ್ನು ಕಾಲಿನಿಂದ ಗಂಡನ ಕಡೆ ತಳ್ಳಿದರು. "ಕೂತ್ಕೊಳ್ಳಿ ಇಲ್ಲಿ. ಇನ್ಮೇಲೆ ನಾನು ಏನಾದ್ರೂ ಕೆಟ್ಟಿದೆ ಅಂದ್ರೆ, ಮೊದ್ಲು ನನ್ ಪಕ್ಕ ಕೂತು ನೋಡ್ಬೇಕು. ಆಮೇಲೆ ಮಾತು."

ಮಾವ ಕೂತರು.