ಫ್ಲೆಕ್ಸ್ ಅಂಗಡಿಯ ಫೋರ್‌ಕೆ ಪರದೆ

ನಾನು ಒಂದು ಕಂಪ್ಯೂಟರ್ ಪರದೆ. ಅಂತಿಂಥ ಪರದೆಯಲ್ಲ, ಫೋರ್‌ಕೆ. ಕಾರ್ಖಾನೆಯಲ್ಲಿ ನನ್ನ ಮೈಯೊಳಗೆ ಎಂಬತ್ತು ಲಕ್ಷಕ್ಕೂ ಹೆಚ್ಚು ಚುಕ್ಕಿ ತುಂಬಿದರು. ಆ ಸೊಕ್ಕು ಇವತ್ತಿಗೂ ಇಳಿದಿಲ್ಲ.

ಗದಗಿನ ಫ್ಲೆಕ್ಸ್ ಅಂಗಡಿಯ ಮಾಲೀಕ ಶಂಕ್ರಪ್ಪ ನನ್ನನ್ನು ತಂದು, ಊದಿನಕಡ್ಡಿ ಬೆಳಗಿ, ನೀಲಮ್ಮನ ಮೇಜಿನ ಮೇಲೆ ಕೂರಿಸಿದ. ನೀಲಮ್ಮ ಐವತ್ತು ದಾಟಿದವಳು. ಗಂಡ ಹಾಸಿಗೆ ಹಿಡಿದಿದ್ದ. ಮನೆ ನಡೆಯುತ್ತಿದ್ದುದು ಇದೊಂದು ಕೆಲಸದಿಂದ. ಹುಟ್ಟುಹಬ್ಬದ ಬ್ಯಾನರಿನಲ್ಲಿ ಪುಢಾರಿಯ ಕಾಲಬುಡಕ್ಕೆ ಶುಭ ಕೋರುವವರ ಮುಖಗಳನ್ನು ಸಾಲಾಗಿ ಜೋಡಿಸುವುದರಲ್ಲಿ ಅವಳದು ಎತ್ತಿದ ಕೈ. ಚುಕ್ಕಿ ಹೆಚ್ಚಿ ಕಿಕ್ಕಿರಿದಷ್ಟೂ ಚಿತ್ರ ಚಿಕ್ಕದು; ನನ್ನ ಮೇಲೆ ಆ ಮುಖಗಳೆಲ್ಲ ಸಾಸಿವೆ ಕಾಳಾದವು.

"ಮಾಲಕ್ರ, ಏನೂ ಕಾಣವಲ್ದು. ಸ್ವಲ್ಪ ದೊಡ್ಡದು ಮಾಡಿಸಿ ಕೊಡ್ರಿ."

ಸೆಟ್ಟಿಂಗ್‌ನಲ್ಲಿ ಎಲ್ಲವನ್ನೂ ಎರಡು ಪಟ್ಟು ಹಿಗ್ಗಿಸಬಹುದಿತ್ತು. ಶಂಕ್ರಪ್ಪ ಹಿಗ್ಗಿಸಿದ. ಆದರೆ ಬ್ಯಾನರ್ ಮಾಡುವ ಸಾಫ್ಟ್‌ವೇರ್ ಓಬೀರಾಯನ ಕಾಲದ್ದು, ನನ್ನಂಥವರನ್ನು ಕಂಡದ್ದೇ ಇಲ್ಲ. ಎಲ್ಲವೂ ಮಸುಕಾಯಿತು. ಹೊಸ ಸಾಫ್ಟ್‌ವೇರ್ ಹಾಕಿಸಿದ್ದರೆ ಮುಗಿಯುತ್ತಿತ್ತು. ಅವನು ಮತ್ತೆ ಕುಗ್ಗಿಸಿದ.

"ಇಷ್ಟ್ ಛಲೋ ಸ್ಕ್ರೀನ್ ತಂದು ಮಂಜ ಮಾಡ್ಕೊಂಡು ಕುಂದ್ರೂದೇನು? ನಿಮ್ಮ ಕಣ್ಣು ತೋರಿಸ್ಕೊಳ್ರಿ, ನೀಲಕ್ಕ."

ನೀಲಮ್ಮ ಭೂತಗನ್ನಡಿ ತಂದಳು. ಮೂಗು ನನಗೆ ತಾಗುವಷ್ಟು ಬಾಗುವಳು, ಅವಳ ಉಸಿರಿಗೆ ನನ್ನ ಗಾಜು ಮಬ್ಬಾಗುತ್ತಿತ್ತು. ನನಗೆ ಅಸಹ್ಯ. ಸುಳ್ಳೇಕೆ, ಮಜವೂ ಅನಿಸುತ್ತಿತ್ತು.

ಒಂದು ದಿನ ಎರಡು ಬ್ಯಾನರ್ ಒಟ್ಟಿಗೆ ಬಂದವು: ಒಬ್ಬರ ಹುಟ್ಟುಹಬ್ಬ, ಇನ್ನೊಬ್ಬರ ಶ್ರದ್ಧಾಂಜಲಿ. ಇಬ್ಬರಿಗೂ ಬಿಳಿ ಟೋಪಿ, ಪೊದೆ ಮೀಸೆ. ಸಾಸಿವೆಯಲ್ಲಿ ಸಾಸಿವೆ ಆರಿಸಿ ನೀಲಮ್ಮ ಎಡವಿದಳು. ಬೆಳಗಾದರೆ ಬದುಕಿದ್ದ ಪುಢಾರಿ ಸರ್ಕಲ್ಲಿನ ಶ್ರದ್ಧಾಂಜಲಿ ಬ್ಯಾನರಿನಲ್ಲಿ ಹಾರ ಹಾಕಿಸಿಕೊಂಡು, ದೀಪ ಹಚ್ಚಿಸಿಕೊಂಡು ನೇತಾಡುತ್ತಿದ್ದ.

ಅವನೇ ಅಂಗಡಿಗೆ ನುಗ್ಗಿದ. "ನಾ ಸತ್ತೇನೇನಬೇ?"

ಶಂಕ್ರಪ್ಪ ಎಲ್ಲರೆದುರು ನೀಲಮ್ಮನಿಂದ ಪುಢಾರಿಯ ಕಾಲು ಮುಟ್ಟಿಸಿದ. ಆಮೇಲೆ, "ನಾಳಿಂದ ಬರಬ್ಯಾಡ್ರಿ" ಎಂದ.

ಮರುದಿನ ಅವಳ ಕುರ್ಚಿಯಲ್ಲಿ ತಾನೇ ಕುಳಿತ. ಅವನ ಕಣ್ಣಿಗೂ ಏನೂ ಕಾಣಲಿಲ್ಲ. ಸಂಜೆಯೊಳಗೆ ಹೊಸ ಸಾಫ್ಟ್‌ವೇರ್ ಬಂತು. ಅಕ್ಷರ, ಮುಖ ಎಲ್ಲ ಉಬ್ಬಿ ಸ್ಪಷ್ಟವಾಗಿ ನಿಂತವು.

ಈಗ ನಾನೂ ಕೆಟ್ಟು, ಮೈಮೇಲೆ ಹಸಿರು ಗೆರೆ ಬಿದ್ದು, ಹರಿದ ಬ್ಯಾನರುಗಳ ನಡುವೆ ಮೂಲೆಯಲ್ಲಿದ್ದೇನೆ. ಪಶ್ಚಾತ್ತಾಪವೇನಿಲ್ಲ, ನೆನಪು ಮಾತ್ರ. ಕೆಲಸ ಹೋದ ಆ ವಾರವೇ ನೀಲಮ್ಮ ಮರೆತ ಭೂತಗನ್ನಡಿ ಒಯ್ಯಲು ಬಂದಿದ್ದಳು. ಶಂಕ್ರಪ್ಪ ನನ್ನನ್ನು ಅವಳತ್ತ ತಿರುಗಿಸಿದ.

"ನೋಡ್ರಿ ನೀಲಕ್ಕ, ಈಗ ಹೆಂಗ್ ಕಾಣ್ತೈತಿ!"

ಅವಳು ಬಾಗಿಲಲ್ಲೇ ನಿಂತು, ಬರಿಗಣ್ಣಿನಲ್ಲಿ, ನನ್ನ ಮೇಲಿದ್ದ ನಮ್ಮದೇ ಅಂಗಡಿಯ ಬ್ಯಾನರನ್ನು ಒಂದಕ್ಷರವೂ ತಪ್ಪದೆ ಓದಿದಳು: "ಕಂಪ್ಯೂಟರ್ ಕೆಲಸಕ್ಕೆ ಬೇಕಾಗಿದ್ದಾರೆ. ಮೂವತ್ತು ವರ್ಷದೊಳಗಿನವರು ಮಾತ್ರ."