ಅಮ್ಮಿಯ ಕಣ್ಣಿಗಾಗಿ ಉಳಿಸಿದ ರಜೆ

ಚಿತ್ತಾಪುರದ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತೆಯಾಗಿದ್ದ ಮಹೆವಿಶಳಿಗೆ ಮೊದಲ ಸಲ ಚುನಾವಣಾ ಕೆಲಸದ ಆದೇಶ ಬಂತು. ಮತಗಟ್ಟೆ ಯಾವುದೆಂದು ಇನ್ನೂ ಗೊತ್ತಿರಲಿಲ್ಲ. ಕುಂಚಾವರಂ ಕಾಡಿನ ಕಡೆ ಬಿದ್ದರೆ ಹೇಗಿರುತ್ತದೋ, ಮತಯಂತ್ರಕ್ಕೆ ಮೊಹರು ಹೇಗೆ ಹಾಕುತ್ತಾರೋ ಎಂದು ಅವಳಿಗೆ ಒಳಗೊಳಗೇ ಕುತೂಹಲ.

ವಾಡಿಯ ಮನೆಯಲ್ಲಿ ತಾಯಿ ಹಮೀದಾಬೇಗಂ ಮಾತ್ರ ಮುಖ ಸಣ್ಣದು ಮಾಡಿಕೊಂಡು ಕುಳಿತರು. ಮುಂದಿನ ತಿಂಗಳು ಕಲಬುರಗಿಯಲ್ಲಿ ಅವರ ಕಣ್ಣಿನ ಪೊರೆ ತೆಗೆಯುವುದಿತ್ತು. ಜೊತೆಗಿರಲೆಂದೇ ಮಗಳು ರಜೆ ಉಳಿಸಿಕೊಂಡಿದ್ದಳು. ತರಬೇತಿ, ಮತದಾನ ಅಂತ ಆ ರಜೆಯೆಲ್ಲ ಮುಗಿದುಹೋದರೆ ತನ್ನ ಪಕ್ಕ ಯಾರು ಇರುತ್ತಾರೆ? ಗುರುತಿನ ಡಾಕ್ಟರರಿಂದ ಬೆನ್ನುನೋವಿನ ಚೀಟಿ ತಂದು ತಪ್ಪಿಸಿಕೋ ಎಂದು ಗಂಟುಬಿದ್ದರು.

ಪಕ್ಕದ ಮನೆಯ ಸೂಗಮ್ಮ ಟೀಚರ್ ಹಲವು ಚುನಾವಣೆ ಕಂಡವರು. ಚಹಾಕ್ಕೆ ಬಂದವರು ಇದನ್ನು ಕೇಳಿ ನಕ್ಕರು.

"ಆಪಾ, ಬೆನ್ನುನೋವು ಅಂತ ಬರದುಕೊಟ್ರ ಆಗ ಖರೇನೇ ರಜಾ ಹೋಗ್ತದ ನೋಡ್ರಿ. ಸುಳ್ಳಂತ ಗೊತ್ತಾದ್ರ ನೌಕರಿಗೇ ತ್ರಾಸ. ಎಲೆಕ್ಷನ್ ಕೆಲಸನೂ ನೌಕರಿನೇ. ಹಾಜರಿ ಬುಕ್ಕಿನ್ಯಾಗ ಓಓಡಿ ಅಂತ ಬರೀತಾರ. ಸರ್ಕಾರದ್ದೇ ಬ್ಯಾರೆ ಕೆಲಸಕ್ಕ ಹೋಗ್ಯಾಳ ಅಂತ ಅರ್ಥ. ರಜಾನೂ ಹೋಗಂಗಿಲ್ಲ, ಪಗಾರೂ ಕಟ್ ಆಗಂಗಿಲ್ಲ."

"ಟ್ರೇನಿಂಗಿಗೂ ಹಂಗೇ ಏನ್ರಿ?" ಮಹೆವಿಶ ಮೆಲ್ಲಗೆ ಕೇಳಿದಳು.

ಹಾಗೇ ಎಂದರು ಟೀಚರ್. ಆದೇಶದ ಪ್ರತಿಯನ್ನು ಮೊದಲೇ ಕಚೇರಿಗೆ ಕೊಡಬೇಕು, ಬಂದ ಮೇಲೆ ಅಲ್ಲಿ ಕೊಟ್ಟ ಹಾಜರಿ ಪತ್ರ ಒಪ್ಪಿಸಬೇಕು. ಯಂತ್ರ ಒಪ್ಪಿಸುವಾಗ ತಡರಾತ್ರಿಯಾದರೆ ಮರುದಿನದ ಹಾಜರಿಗೆ ಯಾವ ಆದೇಶವಿದೆ ಎಂದು ಅಲ್ಲೇ ವಿಚಾರಿಸಬೇಕು. ಬೇರೆ ಊರಿಗೆ ಕೆಲಸ ಬಿದ್ದರೆ ನನ್ನ ವೋಟಿನ ಗತಿ ಏನು ಎಂದು ಮಹೆವಿಶ ಮತ್ತೆ ಕೇಳಿದಳು. ಅದಕ್ಕೂ ದಾರಿಯಿದೆ, ತರಬೇತಿಯಲ್ಲೇ ಅರ್ಜಿ ಕೊಡಬಹುದು ಎಂಬ ಉತ್ತರ ಬಂತು.

"ನಿಮ್ಮ ಸಾಲಿ ಬ್ಯಾರೆ, ಇಕಿ ಆಫೀಸ್ ಬ್ಯಾರೆ," ಎಂದು ಹಮೀದಾಬೇಗಂ ಬಿಡಲಿಲ್ಲ.

ಮರುದಿನ ಮಹೆವಿಶ ಧೈರ್ಯ ಮಾಡಿ ಮೇಲಧಿಕಾರಿ ಅಮೃತಪ್ಪನವರನ್ನೇ ಕೇಳಿದಳು. ಅವರು ಕನ್ನಡಕದ ಮೇಲಿಂದ ನೋಡಿ, "ನಿನ್ನ ರಜಾ ಯಾರೂ ಮುಟ್ಟಂಗಿಲ್ಲವ್ವ. ಆದೇಶದ ಝೆರಾಕ್ಸ್ ಕೊಟ್ಟು ಹೋಗು," ಎಂದರು.

ಸಂಜೆ ಸುದ್ದಿ ಕೇಳಿದ ತಾಯಿಯ ಮುಖ ಅರಳಿತು. ಆಸ್ಪತ್ರೆಯಲ್ಲಿ ಮಗಳು ಜೊತೆಗಿರುವುದು ಖಾತ್ರಿಯಾಯಿತು. ಚೀಟಿಯ ಮಾತು ಬಿಟ್ಟು ಅವರೇ ಪ್ರಶ್ನೆ ತೆಗೆದರು.

"ಅಲ್ಲ ಬೇಟಿ, ನನ್ನಂಗ ಕಣ್ಣು ಮಂಜಾದಾಕಿ ವೋಟ್ ಹಾಕ್ಲಿಕ್ಕ ಬಂದ್ರ ನೀವು ಏನು ಮಾಡ್ತೀರಿ?"

ಮಹೆವಿಶ ಆ ಪ್ರಶ್ನೆಯನ್ನು ಬರೆದಿಟ್ಟುಕೊಂಡಳು. ತರಬೇತಿಯಲ್ಲಿ ಎಲ್ಲಕ್ಕಿಂತ ಮೊದಲು ಅದನ್ನೇ ಕೇಳಬೇಕೆಂದುಕೊಂಡಳು.

ನಿಮ್ಮ ಮನೆಗೂ ಇಂಥ ಆದೇಶ ಬಂದಿದೆಯೇ? ರಜೆಯ ಭಯಕ್ಕೆ ನೆಪ ಹುಡುಕಬೇಡಿ. ಕಚೇರಿಯಲ್ಲಿ ಬಾಯಿಬಿಟ್ಟು ಕೇಳಿ, ಆದೇಶದ ಪ್ರತಿ ಕೊಡಿ, ನಿಮ್ಮ ಮತವನ್ನೂ ಮರೆಯದೆ ಹಾಕಿ. ನಿಶ್ಚಿಂತೆಯಿಂದ ಮತಗಟ್ಟೆಗೆ ಹೋಗಿ ಬನ್ನಿ.